ನಿವೃತ್ತರಿಗೊಂದು ಹೂಮರ

ಪುಣೆ, ಹೈದರಾಬಾದು, ಮುಂಬಯಿ, ಮೈಸೂರು, ಯಾವ ಊರಿನ ಕ್ಯಾಂಪಸ್ಸಿಗೆ ಹೋದರೂ ಒಂದು ದೃಶ್ಯ ಕಣ್ಣಿಗೆ ಬೀಳುತ್ತದೆ. ಆಡಳಿತ ಕಟ್ಟಡದ ಎದುರು, ಹುಲ್ಲುಹಾಸಿನ ಅಂಚಿನಲ್ಲಿ, ಮೊಣಕಾಲೆತ್ತರದ ಒಂದು ಗ್ರಾನೈಟ್ ಕಲ್ಲು. ಇಂಥ ದಿನ, ಇಂಥವರ ನಿವೃತ್ತಿಯ ನೆನಪಿಗಾಗಿ, ಇಂಥವರ ಅಮೃತಹಸ್ತದಿಂದ ಈ ಸಸಿಯನ್ನು ನೆಡಲಾಯಿತು ಎಂದು ಅದರ ಮೇಲೆ ಕೆತ್ತಿರುತ್ತದೆ. ಕೊನೆಯ ಸಾಲಿನಲ್ಲಿ ಪ್ರಾಯೋಜಕರ ಹೆಸರೂ ಇರುತ್ತದೆ. ಕಲ್ಲಿನ ಹಿಂದೆ ಮರ ಇರಬೇಕಾದಲ್ಲಿ ತುಕ್ಕು ಹಿಡಿದ ಕಬ್ಬಿಣದ ಬೇಲಿ, ಅದರೊಳಗೆ ಒಣಹುಲ್ಲು, ಯಾರೋ ಕುಡಿದು ಎಸೆದ ಒಂದೆರಡು ಚಹಾ ಲೋಟ.

ಇದನ್ನು ಕಂಡು ನಕ್ಕು ಮುಂದೆ ಹೋಗುವುದು ಸುಲಭ. ಆದರೆ ಆ ಕಲ್ಲನ್ನು ಹಾಕಿಸಿದವರ ಉದ್ದೇಶ ಕೆಟ್ಟದ್ದೇನೂ ಆಗಿರಲಿಲ್ಲ. ಒಬ್ಬ ಕುಲಪತಿಯೋ ಪ್ರಾಂಶುಪಾಲರೋ ಸಂಸ್ಥೆಯೊಂದನ್ನು ವರ್ಷಗಟ್ಟಲೆ ನಡೆಸಿ ಹೊರಡುತ್ತಾರೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿಟ್ಟ ಸರಸ್ವತಿ ಎಲ್ಲವೂ ಆ ಸಂಜೆಯೇ ಅವರ ಕಾರಿನ ಡಿಕ್ಕಿ ಸೇರುತ್ತವೆ. ಅವರು ಹೋದ ಮೇಲೂ ಇಲ್ಲಿ ಉಳಿಯುವಂಥದ್ದು, ಬೆಳೆಯುವಂಥದ್ದು ಏನಾದರೂ ಇರಲಿ ಅನ್ನಿಸುವುದು ಸಹಜ. ಅದು ಹೂ ಬಿಡುವ ಮರವಾದರೆ ಇನ್ನೂ ಚೆಂದ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಪ್ರತ್ಯೇಕ ಯೋಜನೆಗಳೇ ಇವೆ. ಹಳೆಯ ವಿದ್ಯಾರ್ಥಿಗಳೋ ಸಹೋದ್ಯೋಗಿಗಳೋ ನಿಗದಿತ ಹಣ ಕಟ್ಟಿದರೆ ಗೌರವಿಸಬೇಕಾದವರ ಹೆಸರಿನಲ್ಲಿ ಒಂದು ಚೆರ್ರಿ ಮರವನ್ನೋ ಮ್ಯಾಗ್ನೋಲಿಯವನ್ನೋ ನೆಟ್ಟು ಬುಡದಲ್ಲಿ ಫಲಕ ಹಾಕುತ್ತಾರೆ. ನಮ್ಮಲ್ಲೂ ಈ ಪದ್ಧತಿ ನಿಧಾನವಾಗಿ ಬರುತ್ತಿದೆ. ಹಾಗಾಗಿ ಇದರ ಹಿಂದಿನ ಕೆಲವು ಕಥೆಗಳನ್ನು ನೆನೆದುಕೊಳ್ಳಲು ಇದು ಸರಿಯಾದ ಹೊತ್ತು. ಒಬ್ಬರ ಹೆಸರಿನ ಮರ ಯಾವಾಗ ಬದುಕುತ್ತದೆ, ಯಾವಾಗ ಬರೀ ಕಲ್ಲಾಗಿ ಉಳಿಯುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ಉತ್ತರ ಸಿಗುತ್ತದೆ.

ಮರ ನೆಡಿಸಿ ಹೆಸರು ಗಳಿಸುವುದು ನಮಗೆ ಹೊಸದಲ್ಲ. ಕನ್ನಡ ಶಾಲೆಯಲ್ಲಿ ಓದಿದ ಯಾರನ್ನೇ ನಿಲ್ಲಿಸಿ ಅಶೋಕನ ಬಗ್ಗೆ ಕೇಳಿ. ಕಳಿಂಗ ಯುದ್ಧ ಮರೆತಿದ್ದರೂ ಸಾಲುಮರ ನೆಡಿಸಿದ್ದು ಮರೆತಿರುವುದಿಲ್ಲ. ಆ ಮಾತು ಅಶೋಕನ ಶಾಸನಗಳಲ್ಲೇ ಇದೆ. ದಾರಿಯುದ್ದಕ್ಕೂ ನೆರಳಿಗಾಗಿ ಆಲದ ಮರಗಳನ್ನು ನೆಡಿಸಿದ್ದನ್ನೂ ಮಾವಿನ ತೋಪುಗಳನ್ನು ಬೆಳೆಸಿದ್ದನ್ನೂ ಅವನ ಏಳನೆಯ ಸ್ತಂಭಶಾಸನ ಹೇಳುತ್ತದೆ. ಯಾರ ನೆನಪಿಗೆ ಎಂಬ ಮಾತು ಅಲ್ಲಿಲ್ಲ, ಯಾರ ಉಪಯೋಗಕ್ಕೆ ಎಂಬ ಮಾತಿದೆ: ಮನುಷ್ಯರಿಗೆ ಮತ್ತು ದನಕರುಗಳಿಗೆ.

ನಮ್ಮ ಕನ್ನಡ ಶಾಸನಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಕೆರೆ ಕಟ್ಟಿಸಿದವನ ಹೆಸರನ್ನು ಕಲ್ಲಿನಲ್ಲಿ ಬರೆಸಿ ಅಲ್ಲಿಗೇ ಕೈತೊಳೆದುಕೊಳ್ಳುತ್ತಿರಲಿಲ್ಲ. ಆ ಕೆರೆಯ ಹೂಳೆತ್ತಲು, ಏರಿ ಕಾಯಲು, ತೂಬು ನೋಡಿಕೊಳ್ಳಲು ಬೇಕಾದ ಜಮೀನನ್ನೂ ಜೊತೆಗೇ ಬಿಡುತ್ತಿದ್ದರು. ಬಿತ್ತುವಟ್ಟ, ಕೆರೆಗೊಡಗೆ ಎಂದು ಶಾಸನಗಳಲ್ಲಿ ಬರುವ ಮಾತುಗಳು ಇಂಥ ಏರ್ಪಾಡಿನವು. ಕೊನೆಯಲ್ಲಿ ಶಾಪಾಶಯ. ಈ ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕಪಿಲೆ ಹಸುಗಳನ್ನು ಕೊಂದ ಪಾಪ ಬರಲಿ ಎಂಬ ಎಚ್ಚರಿಕೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಪ್ರಾಯೋಜಕತ್ವ, ನಿರ್ವಹಣಾ ನಿಧಿ, ದಂಡದ ಷರತ್ತು ಮೂರೂ ಒಂದೇ ಕಲ್ಲಿನ ಮೇಲೆ. ನಮ್ಮ ಕ್ಯಾಂಪಸ್ಸಿನ ಗ್ರಾನೈಟ್ ಕಲ್ಲಿನಲ್ಲಿ ಈ ಮೂರರಲ್ಲಿ ಒಂದು ಮಾತ್ರ ಉಳಿದುಕೊಂಡಿದೆ.

ಇನ್ನು ನೆರಳಿನ ಮರದಿಂದ ಹೂಮರಕ್ಕೆ ಬರೋಣ. ಆಲ, ಹುಣಸೆ, ಹೊಂಗೆ, ಮಾವುಗಳ ಊರಾಗಿದ್ದ ಬೆಂಗಳೂರು ಬಣ್ಣಬಣ್ಣದ ಹೂಮರಗಳ ಊರಾದ ಕಥೆಯಲ್ಲಿ ಒಬ್ಬ ಜರ್ಮನ್ ತೋಟಗಾರನ ಪಾಲು ದೊಡ್ಡದು. ಗುಸ್ತಾವ್ ಹರ್ಮನ್ ಕ್ರುಂಬಿಗಲ್ 1865ರಲ್ಲಿ ಜರ್ಮನಿಯ ಡ್ರೆಸ್ಡೆನ್ ಬಳಿ ಹುಟ್ಟಿದವರು. ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ, ಬರೋಡಾದ ಗಾಯಕವಾಡರ ಸೇವೆಗೆ ಬಂದು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಲಾಲ್‌ಬಾಗ್ ಅವರ ಕೈಗೆ ಬಂತು. ಒಂದು ಜಾತಿಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಜಾತಿ ಅರಳುವಂತೆ ಬೀದಿಗಳಿಗೆ ಮರಗಳನ್ನು ಆಯುವ ಕ್ರಮ ಅವರ ಹೆಸರಿನೊಂದಿಗೇ ಸೇರಿಕೊಂಡಿದೆ. ವರ್ಷದ ಯಾವ ತಿಂಗಳಲ್ಲಿ ಹೋದರೂ ಊರಿನಲ್ಲಿ ಯಾವುದೋ ಒಂದು ಮರ ಹೂ ಹೊತ್ತಿರಬೇಕು ಎಂಬುದು ಲೆಕ್ಕ. ಊರಿಗೆ ಹೋದಾಗ ಫೆಬ್ರವರಿಯಲ್ಲಿ ಗುಲಾಬಿ ಟಬೆಬುಯಾ, ಮಾರ್ಚಿನಲ್ಲಿ ನೇರಳೆ ಜಕರಂದಾ, ಏಪ್ರಿಲ್ ಮೇ ತಿಂಗಳಲ್ಲಿ ಕೆಂಪು ಗುಲ್‌ಮೊಹರ್ ಕಂಡು ಫೋಟೋ ತೆಗೆಯುವ ನಾವೆಲ್ಲ ಆ ಲೆಕ್ಕದ ಫಲಾನುಭವಿಗಳೇ. ಇವುಗಳಲ್ಲಿ ಯಾವುದೂ ಇಲ್ಲಿಯ ಮರವಲ್ಲ. ಟಬೆಬುಯಾ ಮತ್ತು ಜಕರಂದಾ ಅಮೆರಿಕ ಖಂಡಗಳಿಂದ ಬಂದವು, ಗುಲ್‌ಮೊಹರ್ ಮಡಗಾಸ್ಕರಿನದು. ಅವನ್ನು ಪ್ರೀತಿಸಿದ ಕ್ರುಂಬಿಗಲ್ಲರೂ ಹೊರಗಿನವರೇ. ಅವರು 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು, ಅವರ ಸಮಾಧಿಯೂ ಇಲ್ಲೇ ಇದೆ.

ಇದೇ ಬೆಂಗಳೂರಿನಲ್ಲಿ, ಹೂಮರವೊಂದರ ಕೆಳಗೆ, ನಮ್ಮ ಕಥೆಯ ಮುಖ್ಯ ವ್ಯಕ್ತಿ ಇದ್ದಾರೆ.

ಚಂದ್ರಶೇಖರ ವೆಂಕಟ ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ. 1907ರಲ್ಲಿ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲಕತ್ತೆಗೆ ಹೋದರು. ಕಚೇರಿಯ ವೇಳೆಯ ಆಚೆ ಪ್ರಯೋಗ ಮಾಡುತ್ತಿದ್ದವರು 1917ರಲ್ಲಿ ಭಾರಿ ಸಂಬಳದ ಆ ನೌಕರಿ ಬಿಟ್ಟು ಕಲಕತ್ತ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. 1928ರ ಫೆಬ್ರವರಿ 28, ರಾಮನ್ ಪರಿಣಾಮ. 1930, ನೊಬೆಲ್. ಇಷ್ಟು ಎಲ್ಲರಿಗೂ ಗೊತ್ತಿದೆ. 1933ರಲ್ಲಿ ಅವರು ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಟಾಟಾ ಇನ್‌ಸ್ಟಿಟ್ಯೂಟ್ ಎಂದು ಊರವರು ಕರೆಯುತ್ತಿದ್ದ ಆ ಸಂಸ್ಥೆಗೆ ಅವರೇ ಮೊದಲ ಭಾರತೀಯ ನಿರ್ದೇಶಕರು. ಕಾನೂನಿನ ಲೆಕ್ಕದಲ್ಲಿ ಅದು ವಿಶ್ವವಿದ್ಯಾಲಯಕ್ಕೆ ಸಮಾನವೆನಿಸಿದ್ದು 1958ರಲ್ಲಿ. ಕೆಲಸದ ಲೆಕ್ಕದಲ್ಲಿ ಆಗಲೇ ದೇಶದ ಉನ್ನತ ವಿದ್ಯಾಕೇಂದ್ರವಾಗಿತ್ತು.

ನಿರ್ದೇಶಕರಾಗಿ ರಾಮನ್ನರ ಅವಧಿ ಸುಖದ್ದಾಗಿರಲಿಲ್ಲ. ಭೌತವಿಜ್ಞಾನದ ಹೊಸ ವಿಭಾಗ ಕಟ್ಟಿದರು. ಹಿಟ್ಲರನ ಜರ್ಮನಿಯಿಂದ ಹೊರಬಿದ್ದಿದ್ದ ಮ್ಯಾಕ್ಸ್ ಬಾರ್ನ್ ಅವರನ್ನು ಬೆಂಗಳೂರಿಗೆ ಕರೆಸಿ, ಇಲ್ಲಿಯೇ ಉಳಿಸಿಕೊಳ್ಳಲು ಓಡಾಡಿದರು. ಸಂಸ್ಥೆಯೊಳಗೆ ವಿರೋಧ ಎದ್ದಿತು. ಉಳಿದ ವಿಭಾಗಗಳಿಗೆ ಅನ್ಯಾಯವಾಗುತ್ತಿದೆ, ನಿರ್ದೇಶಕರು ಯಾರ ಮಾತೂ ಕೇಳುವುದಿಲ್ಲ ಎಂಬ ದೂರುಗಳು ಬಂದವು. 1936ರಲ್ಲಿ ಸರ್ ಜೇಮ್ಸ್ ಅರ್ವಿನ್ ಅವರ ನೇತೃತ್ವದ ಸಮಿತಿ ಸಂಸ್ಥೆಯ ವ್ಯವಹಾರವನ್ನು ಪರಿಶೀಲಿಸಿತು. ಅದರ ವರದಿ ರಾಮನ್ನರ ಪರವಾಗಿರಲಿಲ್ಲ. 1937ರಲ್ಲಿ ಅವರು ನಿರ್ದೇಶಕ ಸ್ಥಾನ ಬಿಟ್ಟರು. ಬಾರ್ನ್ ಕೂಡ ಉಳಿಯಲಿಲ್ಲ. ನೊಬೆಲ್ ಪಡೆದವರು ತಾವು ಮುನ್ನಡೆಸಿದ ಸಂಸ್ಥೆಯಲ್ಲೇ ಮುಂದಿನ 11 ವರ್ಷ ಬರೀ ಪ್ರಾಧ್ಯಾಪಕರಾಗಿ ಪಾಠ ಮಾಡಿ, ಸಂಶೋಧನೆ ಮಾಡಿ, 1948ರಲ್ಲಿ ನಿವೃತ್ತರಾದರು. ಅಧಿಕಾರ ಹೋದ ಮೇಲೂ ಅದೇ ಕಟ್ಟಡದಲ್ಲಿ ದಿನಾ ಕೆಲಸಕ್ಕೆ ಹೋಗುವುದು ಎಂಥದ್ದು ಎಂಬುದನ್ನು ಯಾವುದೇ ಕಚೇರಿಯಲ್ಲಿ ಹತ್ತು ವರ್ಷ ಕಳೆದವರು ಊಹಿಸಿಕೊಳ್ಳಬಲ್ಲರು.

ಆದರೆ ರಾಮನ್ ತಮ್ಮ ನಿವೃತ್ತಿಯ ಏರ್ಪಾಡನ್ನು ಬೇರೆಯವರಿಗೆ ಬಿಟ್ಟಿರಲಿಲ್ಲ. 1934ರಲ್ಲಿ ಅವರು ಭಾರತೀಯ ವಿಜ್ಞಾನ ಅಕಾಡೆಮಿ ಸ್ಥಾಪಿಸಿದ್ದರು. ಅದೇ ವರ್ಷದ ಕೊನೆಯಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಮೈಸೂರು ಸರ್ಕಾರ, ಸಂಶೋಧನಾ ಸಂಸ್ಥೆಯೊಂದನ್ನು ಕಟ್ಟಲು 11 ಎಕರೆ ಜಾಗ ಕೊಟ್ಟಿತು. ಜಾಗವೇನೋ ಬಂತು, ಕಟ್ಟಲು ದುಡ್ಡು ಬೇಕಿತ್ತು. ದೇಶ ಸುತ್ತಿ ದಾನಿಗಳ ಮನೆ ಬಾಗಿಲು ತಟ್ಟಿ ರಾಮನ್ ಹಣ ಕೂಡಿಸಿದರು. 1948ರಲ್ಲಿ ನಿವೃತ್ತರಾದ ಅವರು ನೇರವಾಗಿ ನಡೆದದ್ದು ತಮ್ಮದೇ ರಾಮನ್ ಸಂಶೋಧನಾ ಸಂಸ್ಥೆಗೆ. ಸರ್ಕಾರದ ಅನುದಾನಕ್ಕೆ ಕೈಯೊಡ್ಡಿದರೆ ಸರ್ಕಾರದ ಮಾತು ಕೇಳಬೇಕಾಗುತ್ತದೆ ಎಂದು ಕೊನೆಯವರೆಗೂ ಅದರಿಂದ ದೂರವೇ ಇದ್ದರು.

ಆ 11 ಎಕರೆಯನ್ನು ಅವರು ತೋಟ ಮಾಡಿದರು. ಮರಗಳನ್ನು ಬೆಳೆಸಿದರು, ಗುಲಾಬಿಗಳನ್ನು ಬೆಳೆಸಿದರು. ಇದು ನಿವೃತ್ತರ ಕಾಲಕ್ಷೇಪದ ತೋಟಗಾರಿಕೆ ಮಾತ್ರವಲ್ಲ. ಬೆಳಕು ಮತ್ತು ಬಣ್ಣ ಜೀವಮಾನವಿಡೀ ಅವರನ್ನು ಹಿಡಿದಿಟ್ಟಿದ್ದ ವಿಷಯ. ಕಲಕತ್ತೆಯಲ್ಲಿ ಸಮುದ್ರದ ನೀಲಿಯಿಂದ ಶುರುವಾದದ್ದು ಬೆಂಗಳೂರಿನಲ್ಲಿ ವಜ್ರ, ಮುತ್ತು, ಓಪಲ್‌ಗಳ ಬಣ್ಣಕ್ಕೆ ಬಂದು, ಎಪ್ಪತ್ತು ದಾಟಿದ ಮೇಲೆ ಹೂಗಳಿಗೆ ಬಂದು ನಿಂತಿತು. ಒಂದು ದಳದಿಂದ ಬರುವ ಬೆಳಕನ್ನು ರೋಹಿತದರ್ಶಕದಲ್ಲಿ ನೋಡಿ, ಅದರಲ್ಲಿ ಯಾವ ಬಣ್ಣ ಉಳಿದಿದೆ, ಯಾವುದು ಹೀರಿಹೋಗಿದೆ ಎಂದು ಗುರುತಿಸುವುದು, ನಮ್ಮ ಕಣ್ಣಿಗೆ ಅದು ಹೀಗೇ ಕಾಣುವುದೇಕೆ ಎಂದು ಕೇಳುವುದು, ಇದು ಅವರ ಕೊನೆಯ ವರ್ಷಗಳ ಕೆಲಸ. 1963ರಲ್ಲಿ ಹೂಗಳ ಬಣ್ಣದ ಬಗ್ಗೆ ಪ್ರಬಂಧ ಬರೆದರು. 1968ರಲ್ಲಿ ಕಣ್ಣಿನ ನೋಟದ ಬಗ್ಗೆ ಪುಸ್ತಕವೇ ಬಂತು. ಈ ಸಿದ್ಧಾಂತಗಳನ್ನು ವಿಜ್ಞಾನಿಗಳೆಲ್ಲ ಒಪ್ಪಲಿಲ್ಲ ಎಂಬುದೂ ನಿಜ. ಆದರೆ 75 ದಾಟಿದ ಮನುಷ್ಯ ತನ್ನ ತೋಟದ ಹೂವನ್ನೇ ಪ್ರಯೋಗಶಾಲೆಗೆ ಒಯ್ದು ಪ್ರಶ್ನೆ ಕೇಳುತ್ತಿದ್ದರು ಎಂಬುದು ಆ ಸಿದ್ಧಾಂತಕ್ಕಿಂತ ಹೆಚ್ಚು ಕಾಲ ನೆನಪಿನಲ್ಲಿರುತ್ತದೆ.

1970ರ ಅಕ್ಟೋಬರ್ 2ರಂದು ಪ್ರತಿವರ್ಷದಂತೆ ಗಾಂಧಿ ಸ್ಮಾರಕ ಉಪನ್ಯಾಸ ಕೊಟ್ಟರು. ಆ ತಿಂಗಳ ಕೊನೆಗೆ ಪ್ರಯೋಗಶಾಲೆಯಲ್ಲಿ ಕುಸಿದುಬಿದ್ದರು. ಆಸ್ಪತ್ರೆಯಲ್ಲಿ ಸ್ವಲ್ಪ ಚೇತರಿಸಿಕೊಂಡ ಮೇಲೆ ತಮ್ಮ ಸಂಸ್ಥೆಯ ಆವರಣಕ್ಕೇ ಕರೆದೊಯ್ಯಿರಿ ಎಂದು ಹಟ ಹಿಡಿದರು. ಹಾಸಿಗೆಯ ಮೇಲಿದ್ದೇ ಸಂಸ್ಥೆಯ ಆಡಳಿತ ಮಂಡಳಿಯವರೊಡನೆ ಮುಂದಿನ ವ್ಯವಸ್ಥೆಯ ಬಗ್ಗೆ ಮಾತಾಡಿದರು. ಅಕಾಡೆಮಿಯ ವಿಜ್ಞಾನ ಪತ್ರಿಕೆಗಳು ನಿಂತುಹೋಗಬಾರದು ಎಂಬುದು ಅವರ ಕೊನೆಯ ಚಿಂತೆಗಳಲ್ಲಿ ಒಂದು. ಆಸ್ತಿಯನ್ನು ಸಂಸ್ಥೆಯ ಹಿತಕ್ಕಾಗಿ ಬಿಟ್ಟುಕೊಟ್ಟಿದ್ದರು. ತಮಗೆ ಯಾವ ಶಾಸ್ತ್ರ, ಕರ್ಮಾಂತರಗಳೂ ಬೇಡ, ಸರಳವಾಗಿ ದಹನ ಮಾಡಿದರೆ ಸಾಕು ಎಂದಿದ್ದರು. ನವೆಂಬರ್ 21ರ ಬೆಳಗಿನ ಜಾವ ತೀರಿಕೊಂಡರು. ಸಂಸ್ಥೆಯ ತೋಟದಲ್ಲೇ ದಹನವಾಯಿತು. ಆ ಜಾಗದಲ್ಲಿ ಗೋರಿಯಿಲ್ಲ, ಮಂಟಪವಿಲ್ಲ, ಪ್ರತಿಮೆಯಿಲ್ಲ. ಒಂದು ಮರವಿದೆ.

ಆ ಮರದ ಹೆಸರು ಪ್ರಿಮವೆರಾ. ಸ್ಪ್ಯಾನಿಷ್ ಭಾಷೆಯಲ್ಲಿ ವಸಂತ ಎಂದರ್ಥ. ದಕ್ಷಿಣ ಮೆಕ್ಸಿಕೊ, ಗ್ವಾಟೆಮಾಲಾ ಮತ್ತು ಅದರ ಅಕ್ಕಪಕ್ಕದ ದೇಶಗಳು ಅದರ ತವರು. ಚಳಿ ಮುಗಿದು ಒಣಹವೆ ಬಂದಾಗ ಎಲೆಗಳೆಲ್ಲ ಉದುರಿ, ಬರಿಯ ಕೊಂಬೆಗಳ ತುಂಬ ಹಳದಿ ಹೂಗೊಂಚಲು ಬಿಡುತ್ತದೆ. ಅಲ್ಲಿಯವರಿಗೆ ಅದು ಬರೀ ಹೂಮರವಲ್ಲ. ಕೆನೆಬಣ್ಣದ ಅದರ ನಾಟಾ ಪೀಠೋಪಕರಣಗಳಿಗೆ ಬೆಲೆಬಾಳುತ್ತದೆ. 1892ರಲ್ಲಿ ಜೋಸೆಫ್ ನೆಲ್ಸನ್ ರೋಸ್ ಎಂಬ ಅಮೆರಿಕದ ಸಸ್ಯವಿಜ್ಞಾನಿ ಈ ಮರಕ್ಕೆ ಲ್ಯಾಟಿನ್ ಹೆಸರಿಟ್ಟಾಗ, ಗ್ವಾಟೆಮಾಲಾದ ಸಸ್ಯಗಳನ್ನು ಅಭ್ಯಾಸ ಮಾಡಿದ್ದ ಬಾಲ್ಟಿಮೋರಿನ ಜಾನ್ ಡಾನೆಲ್ ಸ್ಮಿತ್ ಅವರ ಗೌರವಕ್ಕಾಗಿ 'ಟಬೆಬುಯಾ ಡಾನೆಲ್-ಸ್ಮಿತಿ' ಎಂದು ಕರೆದರು. ಆಮೇಲೆ ಬಂದವರು ಅದನ್ನು ಟಬೆಬುಯಾ ಕುಲದಿಂದ ತೆಗೆದು ಸೈಬಿಸ್ಟಾಕ್ಸ್ ಕುಲಕ್ಕೆ ಹಾಕಿದರು. ಈಗ ಅದು ರೋಸಿಯೋಡೆಂಡ್ರಾನ್. ಗುಲಾಬಿಗೂ ಅದಕ್ಕೂ ಸಂಬಂಧವಿಲ್ಲ, ಆ ರೋಸ್ ಅವರ ನೆನಪಿಗೇ ಇಟ್ಟ ಕುಲನಾಮ ಅದು. ಹೀಗೆ ಹೆಸರಿಟ್ಟವರೂ ಹೆಸರು ಪಡೆದವರೂ ಒಂದೇ ಮರದ ಹೆಸರಿನಲ್ಲಿ ಸೇರಿಕೊಂಡಿದ್ದಾರೆ. ಬೆಂಗಳೂರಿನಲ್ಲಿ ಅದೇ ಜಾತಿಯ ಒಂದು ಮರ ಮೂರನೆಯವರೊಬ್ಬರನ್ನು ನೆನಪಿಸುತ್ತಾ ನಿಂತಿದೆ. ಮರಕ್ಕೆ ಈ ಯಾವ ಹೆಸರೂ ಗೊತ್ತಿಲ್ಲ. ತಿರುಚಿರಾಪಳ್ಳಿಯಲ್ಲಿ ಹುಟ್ಟಿ, ಕಲಕತ್ತೆಯಲ್ಲಿ ಹೆಸರು ಮಾಡಿ, ಬೆಂಗಳೂರಿನಲ್ಲಿ ಮಣ್ಣಾದವರಿಗೆ ಗ್ವಾಟೆಮಾಲಾದ ಕಡೆಯಿಂದ ಬಂದು ಇಲ್ಲಿ ಬೇರೂರಿದ ಮರ ಸರಿಹೊಂದಿತು ಅಂತ, ಊರು ಬಿಟ್ಟು ಬಂದು ಕೂತಿರುವ ನಮಗೆ ಅನ್ನಿಸಿದರೆ ತಪ್ಪಿಲ್ಲ.

ರಾಮನ್ನರ ಮರ ಉಳಿಯಲು ಕಾರಣವೇನು? ದೊಡ್ಡವರ ಹೆಸರು ಎಂದರೆ ಸಾಲದು. ದೊಡ್ಡವರು ನೆಟ್ಟ ಎಷ್ಟೋ ಮರಗಳು ಒಣಗಿವೆ. ಆ ಮರ ಇರುವುದು ಸುಸ್ಥಿತಿಯಲ್ಲಿ ನಡೆಯುತ್ತಿರುವ ಸಂಸ್ಥೆಯೊಂದರ ತೋಟದೊಳಗೆ. 1972ರಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಕೇಂದ್ರ ಸರ್ಕಾರದ ನೆರವು ಪಡೆಯುವ ಸ್ವಾಯತ್ತ ಸಂಸ್ಥೆಯಾಯಿತು. ರಾಮನ್ ಜೀವಮಾನವಿಡೀ ದೂರವಿಟ್ಟಿದ್ದ ಸರ್ಕಾರಿ ಹಣವೇ ಕೊನೆಗೆ ಅವರ ತೋಟಕ್ಕೂ ನೀರು ಹಾಯಿಸಿತು. ಇದರಲ್ಲಿ ಸ್ವಲ್ಪ ವ್ಯಂಗ್ಯವಿದೆ, ಆದರೆ ನೀರಿಗೆ ವ್ಯಂಗ್ಯ ತಿಳಿಯುವುದಿಲ್ಲ.

ಹಣದ ಮಾತು ಬಂದಾಗ ನೆನಪಿಸಿಕೊಳ್ಳಬೇಕಾದ ಇನ್ನೊಬ್ಬ ವಿಜ್ಞಾನಿ ಇದ್ದಾರೆ. ಜಗತ್ತಿನ ಅತ್ಯಂತ ಪ್ರಸಿದ್ಧ ಪ್ರಾಯೋಜಿತ ಹೂಮರಗಳ ಹಿಂದೆ ಇದ್ದವರು ಅವರು. ಜೋಕಿಚಿ ತಕಮಿನೆ ಜಪಾನಿನ ರಸಾಯನವಿಜ್ಞಾನಿ, ನ್ಯೂಯಾರ್ಕಿನಲ್ಲಿ ನೆಲೆಸಿದ್ದವರು. ಅಡ್ರಿನಲಿನ್ ಅನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ಶ್ರೀಮಂತರಾದವರು. 1909ರಲ್ಲಿ ವಾಷಿಂಗ್ಟನ್ನಿನಲ್ಲಿ ಜಪಾನಿನ ಚೆರ್ರಿ ಮರಗಳನ್ನು ನೆಡುವ ಆಲೋಚನೆ ನಡೆದಿತ್ತು. ಎಲೈಜಾ ಸಿಡ್‌ಮೋರ್ ಎಂಬ ಬರಹಗಾರ್ತಿ 1885ರಿಂದಲೂ ಬೆನ್ನು ಬಿದ್ದಿದ್ದ ಕನಸು ಅದು. ಅಧ್ಯಕ್ಷರ ಪತ್ನಿ ಹೆಲೆನ್ ಟಾಫ್ಟ್ ಒಪ್ಪಿದ್ದರು. ಸುದ್ದಿ ಕೇಳಿದ ತಕಮಿನೆ 2000 ಮರಗಳ ಖರ್ಚು ತಾನು ಕೊಡುತ್ತೇನೆ ಎಂದರು. ಆದರೆ ಕೊಡುಗೆ ಹೋದದ್ದು ಟೋಕಿಯೊ ನಗರದ ಹೆಸರಿನಲ್ಲಿ, ಆಗಿನ ಮೇಯರ್ ಯುಕಿಯೊ ಒಜಾಕಿ ಅವರ ಮೂಲಕ. ದುಡ್ಡು ಕೊಟ್ಟವರು ಹಿಂದೆ ಸರಿದು ನಿಂತರು.

1910ರ ಜನವರಿಯಲ್ಲಿ ಮರಗಳು ಬಂದವು. ಕೃಷಿ ಇಲಾಖೆಯವರು ಪರೀಕ್ಷಿಸಿ ನೋಡಿದರೆ ಕೀಟ, ಜಂತುಹುಳು, ರೋಗ. ಅಧ್ಯಕ್ಷ ಟಾಫ್ಟ್ ಒಪ್ಪಿಗೆಯ ಮೇರೆಗೆ ಜನವರಿ 28ರಂದು ಅಷ್ಟನ್ನೂ ಸುಟ್ಟುಹಾಕಲು ತೀರ್ಮಾನವಾಯಿತು. ಎರಡು ದೇಶಗಳ ನಡುವಿನ ಉಡುಗೊರೆಯನ್ನು ರಾಶಿ ಹಾಕಿ ಬೆಂಕಿ ಇಡುವುದೆಂದರೆ ರಾಜತಾಂತ್ರಿಕರಿಗೆ ಎಷ್ಟು ಮುಜುಗರವಾಗಿದ್ದೀತು! ಅಲ್ಲಿಗೇ ಕಥೆ ಮುಗಿಯಬಹುದಿತ್ತು. ಆದರೆ ಜಪಾನಿನವರು ಮುನಿಸಿಕೊಳ್ಳಲಿಲ್ಲ. ಟೋಕಿಯೊದ ಅರಕಾವಾ ನದೀದಂಡೆಯ ಹೆಸರಾಂತ ಮರಗಳಿಂದ ಕುಡಿ ತೆಗೆದು, ಕಾಡು ಚೆರ್ರಿಯ ಬೇರುಕಾಂಡಕ್ಕೆ ಕಸಿ ಮಾಡಿ, ಎಚ್ಚರದಿಂದ ಬೆಳೆಸಿದರು. 1912ರಲ್ಲಿ 12 ತಳಿಗಳ 3020 ಮರಗಳು ಹೊರಟವು. ಈ ಸಲವೂ ಖರ್ಚು ತಕಮಿನೆಯವರದೇ. ಮಾರ್ಚ್ 27ರಂದು ಹೆಲೆನ್ ಟಾಫ್ಟ್ ಮತ್ತು ಜಪಾನಿನ ರಾಯಭಾರಿಯ ಪತ್ನಿ ಚಿಂದಾ ಅವರು ಮೊದಲ ಎರಡು ಸಸಿಗಳನ್ನು ನೆಟ್ಟರು. ದೊಡ್ಡ ಸಮಾರಂಭವೇನೂ ಇರಲಿಲ್ಲ.

ಮುಂದೆ ಆ ಮರಗಳು ಏನೇನನ್ನೋ ಕಂಡವು. 1938ರಲ್ಲಿ ಜೆಫರ್ಸನ್ ಸ್ಮಾರಕಕ್ಕಾಗಿ ಕೆಲವನ್ನು ಕೀಳಲು ಹೊರಟಾಗ ಊರಿನ ಹೆಂಗಸರು ಅಡ್ಡ ನಿಂತು ಪ್ರತಿಭಟಿಸಿದರು. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ದಾಳಿಯಾದ ಕೆಲವೇ ದಿನಕ್ಕೆ ಯಾರೋ ನಾಲ್ಕು ಮರಗಳನ್ನು ಕಡಿದರು. ಯುದ್ಧ ಮುಗಿಯುವವರೆಗೆ ಅವನ್ನು ಜಪಾನಿನ ಚೆರ್ರಿ ಎಂದು ಕರೆಯುವುದನ್ನೇ ಬಿಟ್ಟು 'ಪೌರ್ವಾತ್ಯ' ಚೆರ್ರಿ ಎಂದರು. ಅತ್ತ ಟೋಕಿಯೊದಲ್ಲಿ, ಆ ಮರಗಳ ತಾಯಿಯಾದ ಅರಕಾವಾ ದಂಡೆಯ ತೋಪು ಯುದ್ಧಕಾಲದಲ್ಲಿ ನೋಡುವವರಿಲ್ಲದೆ ಹಾಳಾಗಿತ್ತು. ಅದನ್ನು ಮತ್ತೆ ಬೆಳೆಸಲು 1952ರಲ್ಲಿ ವಾಷಿಂಗ್ಟನ್ನಿನಿಂದಲೇ ಕುಡಿಗಳು ಹೋದವು. ಕೊಟ್ಟ ಉಡುಗೊರೆ 40 ವರ್ಷದ ಮೇಲೆ ಕೊಟ್ಟವರ ಕೈ ಹಿಡಿಯಿತು. ಯೊಶಿನೊ ಚೆರ್ರಿ ಅಲ್ಪಾಯುಷಿ ಮರ. 1912ರ ಮೂಲ ಮರಗಳಲ್ಲಿ ಈಗ ಸ್ವಲ್ಪವೇ ಉಳಿದಿವೆ. ಆದರೂ ಸಾಲು ಮುರಿದಿಲ್ಲ. ಒಂದು ಹೋದ ಕಡೆ ಇನ್ನೊಂದನ್ನು ನೆಡುತ್ತಲೇ ಇದ್ದಾರೆ, ಹಳೆಯದರ ಕುಡಿಯಿಂದಲೇ ಹೊಸದನ್ನು ಮಾಡುತ್ತಲೇ ಇದ್ದಾರೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗುತ್ತದೆ. ಹೂಮರದ ಆಯುಸ್ಸು ಸಾಮಾನ್ಯವಾಗಿ ಸಂಸ್ಥೆಯ ಆಯುಸ್ಸಿಗಿಂತ ಚಿಕ್ಕದು. ಗ್ರಾನೈಟಿನ ಆಯುಸ್ಸಿಗೆ ಹೋಲಿಸಿದರಂತೂ ಏನೇನೂ ಅಲ್ಲ. ಆದ್ದರಿಂದ ಒಬ್ಬರ ಹೆಸರಿನಲ್ಲಿ ಹೂಮರ ನೆಡುವುದೆಂದರೆ ಅದನ್ನು ಎರಡನೆಯ ಸಲ, ಮೂರನೆಯ ಸಲ ನೆಡಲು ಒಪ್ಪಿಕೊಂಡಂತೆ. ಆ ಒಪ್ಪಂದ ಫಲಕದಲ್ಲಿ ಕಾಣುವುದಿಲ್ಲ.

ಈ ತೊಡಕನ್ನು ನಮ್ಮ ದೇಶದಲ್ಲಿ ಒಂದು ವಿಶ್ವವಿದ್ಯಾಲಯ ಬೇರೆ ರೀತಿಯಲ್ಲಿ ಬಿಡಿಸಿಕೊಂಡಿತು. ಶಾಂತಿನಿಕೇತನದ ವಿಶ್ವಭಾರತಿಯಲ್ಲಿ ರವೀಂದ್ರನಾಥ ಠಾಕೂರರು ವೃಕ್ಷಾರೋಪಣ ಉತ್ಸವ ಶುರುಮಾಡಿದ್ದು 1928ರಲ್ಲಿ, ರಾಮನ್ ಪರಿಣಾಮದ ವರ್ಷದಲ್ಲೇ. ಸಸಿಯನ್ನು ಅಲಂಕರಿಸಿದ ಪಲ್ಲಕ್ಕಿಯಲ್ಲಿ ಕೂರಿಸಿ, ಹಾಡುತ್ತಾ ಕುಣಿಯುತ್ತಾ ವಿದ್ಯಾರ್ಥಿಗಳು ಮೆರವಣಿಗೆಯಲ್ಲಿ ತರುತ್ತಾರೆ. ಮದುವಣಗಿತ್ತಿಗೆ ಸಲ್ಲುವ ಮರ್ಯಾದೆ ಸಸಿಗೆ. 1941ರ ಆಗಸ್ಟ್ 7ರಂದು, ಬಂಗಾಳಿ ಪಂಚಾಂಗದ ಶ್ರಾವಣ 22ರಂದು, ರವೀಂದ್ರರು ತೀರಿಕೊಂಡರು. ಆಮೇಲೆ ಆ ದಿನವೇ ವೃಕ್ಷಾರೋಪಣದ ದಿನವಾಯಿತು. ಸಂಸ್ಥೆಯನ್ನು ಕಟ್ಟಿ ನಡೆಸಿದ ಆಚಾರ್ಯರ ಪುಣ್ಯತಿಥಿಗೆ ಪ್ರತಿವರ್ಷ ಹೊಸದೊಂದು ಸಸಿ. ಯಾವುದೋ ಒಂದು ಮರ ಒಣಗಿದರೂ ಗೌರವ ಒಣಗುವ ಪ್ರಶ್ನೆಯೇ ಇಲ್ಲ. ಒಂದು ಮರದ ಮೇಲೆ ಭಾರ ಹೊರಿಸದೆ ಒಂದು ಅಭ್ಯಾಸದ ಮೇಲೆ ಹೊರಿಸಿದರು. ಸ್ವತಂತ್ರ ಭಾರತದಲ್ಲಿ 1950ರಲ್ಲಿ ಕೇಂದ್ರ ಸಚಿವರಾಗಿದ್ದ ಕೆ. ಎಂ. ಮುನ್ಷಿ ಆರಂಭಿಸಿದ ವನಮಹೋತ್ಸವವೂ ಇದೇ ದಾರಿಯದು. ಅದು ಎಷ್ಟೋ ಕಡೆ ಅದೇ ಗುಂಡಿಯಲ್ಲಿ ವರ್ಷವರ್ಷವೂ ಸಸಿ ನೆಡುವ ಉತ್ಸವವಾದದ್ದನ್ನೂ ನಾವು ಕಂಡಿದ್ದೇವೆ. ಉತ್ಸವ ನೆಡುವುದನ್ನು ಕಲಿಸುತ್ತದೆ, ನೀರು ಹಾಕುವವರು ಬೇರೆಯೇ ಬೇಕು.

ನೀರು ಹಾಕಿದವರ ಕಥೆಗೆ ನಾವು ದೂರ ಹೋಗಬೇಕಿಲ್ಲ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ಸುಮಾರು 4 ಕಿಲೋಮೀಟರ್ ದಾರಿಯಲ್ಲಿ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಆಲದ ಸಸಿಗಳನ್ನು ನೆಟ್ಟರು. ಮಕ್ಕಳಿಲ್ಲದ ದಂಪತಿ, ಕೂಲಿ ಕೆಲಸದವರು. ಮೊದಲ ವರ್ಷ ಹತ್ತು ಸಸಿ, ಮುಂದೆ ವರ್ಷಕ್ಕಿಷ್ಟು ಎಂದು ಬೆಳೆಯುತ್ತಾ 385 ಮರಗಳಾದವು. ಬಿಂದಿಗೆಯಲ್ಲಿ ನೀರು ಹೊತ್ತರು, ದನಗಳು ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. ಪ್ರಾಯೋಜಕರಿಲ್ಲ, ಫಲಕವಿಲ್ಲ, ಅಮೃತಹಸ್ತವೂ ಇಲ್ಲ. ಅಶೋಕನಿಗೆ ಶಾಲೆಯ ಪುಸ್ತಕ ಕೊಟ್ಟ ಬಿರುದನ್ನು ಇವರಿಗೆ ಊರವರೇ ಕೊಟ್ಟರು: ಸಾಲುಮರದ ತಿಮ್ಮಕ್ಕ. 2019ರಲ್ಲಿ ಪದ್ಮಶ್ರೀ ಬಂತು. 2020ರಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಪ್ರಕಟಿಸಿತು. ವಿಶ್ವವಿದ್ಯಾಲಯದ ಮುಖ್ಯಸ್ಥರಿಗೆ ಮರದಿಂದ ಗೌರವ ಸಲ್ಲಿಸುವ ಪದ್ಧತಿ ಒಂದು ಸಲ ತಿರುಗಿ, ಮರದ ತಾಯಿಗೆ ವಿಶ್ವವಿದ್ಯಾಲಯವೇ ಗೌರವ ಸಲ್ಲಿಸಿತು. 2025ರ ನವೆಂಬರಿನಲ್ಲಿ ಅವರು ತೀರಿಕೊಂಡರು. ಮರಗಳು ಇವೆ.

ಹಾಗಾದರೆ ನಿವೃತ್ತರಾಗುವ ಕುಲಪತಿಗಳಿಗೆ ಮರ ಬೇಡವೇ? ಬೇಕು. ಶಾಲಿಗಿಂತ, ಗಾಜಿನ ಪೆಟ್ಟಿಗೆಯ ಸರಸ್ವತಿಗಿಂತ ಅದು ಒಳ್ಳೆಯದು. ಹೂಮರವೇ ಆಗಲಿ, ಹೊರದೇಶದ್ದೇ ಆಗಲಿ. ಆ ಮಣ್ಣಿಗೆ, ಆ ಊರಿನ ಮಳೆಗೆ ಒಗ್ಗುವುದಾದರೆ ಸಾಕು. ಹೊಂಗೆಯನ್ನೋ ಕಕ್ಕೆಯನ್ನೋ ಆಯ್ದರೆ ನೀರಿನ ಖರ್ಚು ಕಡಿಮೆ, ಜೇನಿಗೂ ಲಾಭ. ಕಕ್ಕೆ ಬೇಸಿಗೆಯಲ್ಲಿ ಮೈತುಂಬ ಹಳದಿ ಹೂ ಇಳಿಬಿಟ್ಟಾಗ ಯಾವ ವಿದೇಶಿ ಮರಕ್ಕೂ ಕಡಿಮೆಯಲ್ಲ. ಆದರೆ ಹಳೆಯ ವಿದ್ಯಾರ್ಥಿಗಳ ವಾಟ್ಸ್ಯಾಪ್ ಗುಂಪಿನಲ್ಲಿ ಇಂಥದ್ದಕ್ಕೆ ಚಂದಾ ಎತ್ತುವ ಹೊತ್ತು ಬಂದಾಗ, ನಮ್ಮ ಅಜ್ಜಂದಿರ ಶಾಸನಗಳನ್ನು ಒಮ್ಮೆ ನೆನೆಯಬಹುದು. ಸಸಿಯ ಬೆಲೆ, ಕಲ್ಲಿನ ಬೆಲೆಯ ಜೊತೆಗೆ ಬಿತ್ತುವಟ್ಟದ ಒಂದು ಕಲಮೂ ಇರಲಿ. ಮೊದಲ ಮೂರು ಬೇಸಿಗೆಗೆ ನೀರು ಹಾಕುವವರು ಯಾರು, ಅವರ ಕೂಲಿ ಎಷ್ಟು, ಎಲ್ಲಿಂದ? ಮರ ಸತ್ತರೆ ಮತ್ತೊಂದನ್ನು ನೆಡುವ ಹೊಣೆ ಯಾರದು? ಮುಂದೆ ಆ ಜಾಗದಲ್ಲಿ ಕಟ್ಟಡ ಏಳುವುದಾದರೆ ಯಾರನ್ನು ಕೇಳಬೇಕು? ಈ ನಾಲ್ಕು ಸಾಲು ಬರೆದು ಸಂಸ್ಥೆಯ ಕಡತದಲ್ಲಿ ಸೇರಿಸಿದರೆ, ಕಲ್ಲಿನ ಮೇಲೆ ಏನು ಕೆತ್ತಿಸಿದರೂ ನಡೆದೀತು. ಶಾಪಾಶಯ ಬೇಕೆನ್ನಿಸಿದರೆ ಅದನ್ನೂ ಸೇರಿಸಿಕೊಳ್ಳಬಹುದು.

ರಾಮನ್ ನಿರ್ದೇಶಕ ಸ್ಥಾನ ಬಿಟ್ಟ ದಿನಗಳಲ್ಲಿ ಅವರ ಪರ ಎಷ್ಟು ಜನ, ವಿರುದ್ಧ ಎಷ್ಟು ಜನ ಎಂಬುದು ದೊಡ್ಡ ಸುದ್ದಿಯಾಗಿತ್ತು. ಆ ಸಮಿತಿ, ಆ ವರದಿ, ಆ ಬಣಗಳು ಈಗ ಚರಿತ್ರೆ ಓದುವವರಿಗಷ್ಟೇ ಗೊತ್ತು. ಪ್ರತಿವರ್ಷ ಚಳಿ ಮುಗಿಯುತ್ತಿದ್ದಂತೆ ಆ ತೋಟದ ಪ್ರಿಮವೆರಾ ಎಲೆ ಉದುರಿಸುತ್ತದೆ, ಬರಿಗೊಂಬೆಯಲ್ಲಿ ಹಳದಿ ತುಂಬಿಕೊಳ್ಳುತ್ತದೆ. ಆ ಹಳದಿ ನಮ್ಮ ಕಣ್ಣಿಗೆ ಹಾಗೆ ಕಾಣುವುದೇಕೆ ಎಂದು ಒಂದು ಹೂವನ್ನೆತ್ತಿಕೊಂಡು ಪ್ರಯೋಗಶಾಲೆಗೆ ಹೋಗಬೇಕಾದವರು ಅದರ ಬುಡದಲ್ಲೇ ಇದ್ದಾರೆ.